ಹಲ್ಲು ಕಟ್ಟಿಸಿಕೊಂಡ ಅಜ್ಜಿ

ನನ್ನ ಗಂಡ ಹಲ್ಲು ಮಾಡುತ್ತಾರೆ. ಹಾಗೆಂದ ಕೂಡಲೇ ಜನ ಇವರನ್ನು ಡಾಕ್ಟರೆಂದುಕೊಂಡು ಬಾಯಿ ತೆರೆದು ತಮ್ಮ ಹುಳುಕು ತೋರಿಸಲು ಹೊರಡುತ್ತಾರೆ. ಇವರು ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವರು ಲ್ಯಾಬಿನಲ್ಲಿ ಕೂತು ಆ ಅಚ್ಚಿಗೆ ಹೊಂದುವ ಹಲ್ಲಿನ ಸೆಟ್ಟು ಕಟ್ಟುತ್ತಾರೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ‘ಕೆಳಗಿನ ಸಾಲು ಓದಿ, ಈಗ ಕಾಣುತ್ತಾ, ಈಗ?’ ಎಂದು ದಿನವಿಡೀ ಕೇಳುವುದೇ ನನ್ನ ಉದ್ಯೋಗ. ಊರವರ ಬಾಯಿ ಇವರ ಪಾಲು, ಕಣ್ಣು ನನ್ನ ಪಾಲು, ಕಿವಿ ಮೂಗಿಗೆ ತಕ್ಕ ಅಳಿಯನನ್ನು ಹುಡುಕಬೇಕು ಎಂದು ಮಗಳ ಮುಂದೆ ಹೇಳಿ ಬೈಸಿಕೊಂಡಿದ್ದೇನೆ.

ಇವರಿಗೆ ಇನ್ನೊಂದು ಹುಚ್ಚಿದೆ, ಗೊಂಬೆಯದು. ಹಗುರ ಮರದಲ್ಲಿ ತಲೆ, ಕೈ ಕೆತ್ತಿ, ದವಡೆಯನ್ನು ಬೇರೆಯಾಗಿ ಜೋಡಿಸಿ, ಹಿಂದಿನಿಂದ ದಾರ ಎಳೆದರೆ ಬಾಯಾಡಿಸುವಂತೆ ಮಾಡುತ್ತಾರೆ. ಮದುವೆಗೆ ಮುಂಚೆ ಒಂದು ಸಂಜೆ ಇವರು ಚೀಲದಿಂದ ಹುಲಿಯೊಂದನ್ನು ತೆಗೆದು, ಅದರ ಬಾಯಿಂದಲೇ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿಸಿದ್ದರು. ನಾನು ಹೂಂ ಅಂದದ್ದು ಹುಲಿಗೆ, ಮನೆಗೆ ಬಂದವರು ಮಾತ್ರ ಇವರು.

ಆ ಹುಲಿ ಈಗ ನಮ್ಮ ಹಾಲಿನ ಮೂಲೆಯಲ್ಲಿ, ಇವರ ಕೆತ್ತನೆಯ ಮೇಜಿನ ಮೇಲುಗಡೆ, ಗೋಡೆಯ ಮೊಳೆಯಲ್ಲಿ ನೇತಾಡುತ್ತಾ ಒಬ್ಬ ಅಜ್ಜಿಗಾಗಿ ಕಾಯುತ್ತಿದೆ. ಇವರ ತಲೆಯಲ್ಲಿರುವ ಆಟ ಇಷ್ಟು. ಕಾಡಿನಲ್ಲಿ ಬೊಚ್ಚುಬಾಯಿಯ ಅಜ್ಜಿ ಹುಲಿಯ ಕೈಗೆ ಸಿಗುತ್ತಾಳೆ. ಹೆದರುವ ಬದಲು ಬಾಯಿ ಅಗಲಿಸಿ ನಗುತ್ತಾಳೆ. ‘ನಾನೂ ಒಂದು ಕಾಲಕ್ಕೆ ಹುಲಿನೇ ಆಗಿದ್ದೆ ಕಣಪ್ಪ, ಹಲ್ಲು ಉದುರಿ ಹೀಗಾದೆ’ ಎನ್ನುತ್ತಾಳೆ. ಹುಲಿ ಗಾಬರಿಬಿದ್ದು ತನ್ನ ಹಲ್ಲು ಮುಟ್ಟಿ ನೋಡಿಕೊಳ್ಳುತ್ತಾ ಪರಾರಿ. ಈ ಕಥೆಯನ್ನು ಇವರು ಮಗಳು ತೊದಲುವ ಕಾಲದಿಂದ ಹೇಳುತ್ತಿದ್ದಾರೆ. ಮಗಳು ಈಗ ಎತ್ತರದಲ್ಲಿ ನನ್ನ ಭುಜ ದಾಟಿದ್ದಾಳೆ, ಅಜ್ಜಿಯ ಕೆತ್ತನೆ ಮಾತ್ರ ಮೂಗಿನಿಂದ ಕೆಳಗಿಳಿದಿರಲಿಲ್ಲ.

ಇದನ್ನು ಸೋಮಾರಿತನ ಅನ್ನುವವರ ಜೊತೆ ನಾನು ಜಗಳಕ್ಕೆ ಸಿದ್ಧ. ಸಂಜೆ ಇವರು ಬಾಗಿಲು ತಳ್ಳಿ ಬರುವುದನ್ನು ಅವರು ನೋಡಲಿ. ಹುಬ್ಬಿನ ತುಂಬ ಪ್ಲಾಸ್ಟರಿನ ಪುಡಿ, ಬೆರಳ ತುದಿಯಲ್ಲಿ ಮೇಣದ ಸುಟ್ಟ ಕಲೆ, ಬಗ್ಗಿದ ಕುತ್ತಿಗೆ ಲ್ಯಾಬಿನಲ್ಲಿ ಹೇಗಿತ್ತೋ ಹಾಗೇ. ಚಪ್ಪಲಿ ಬಿಟ್ಟವರು ಸೋಫಾದ ಮೇಲೆ ಕೂರುತ್ತಾರೆ, ಅಲ್ಲ, ಬೀಳುತ್ತಾರೆ. ಕಣ್ಣು ಮೂಲೆಯ ಮೇಜಿನ ಕಡೆ ಒಮ್ಮೆ ಹೋಗುತ್ತದೆ, ತಪ್ಪು ಮಾಡಿದವರಂತೆ ಬೇಗ ವಾಪಸು ಬರುತ್ತದೆ.

“ನಾಳೆ ಮಾಡ್ತೀನಿ ಕಣೇ,” ಎನ್ನುತ್ತಾರೆ. ನಾನು ಕೇಳಿರುವುದೇ ಇಲ್ಲ.

ಪಾಪ, ಮಾಡದ ಉಪಾಯವಿಲ್ಲ. ಬಂದ ಕೂಡಲೇ ಸ್ನಾನ ಮಾಡಿದರೆ ಆಯಾಸ ಹೋಗುತ್ತದೆ ಎಂದು ಯಾರೋ ಹೇಳಿದರು. ಸ್ನಾನ ಮಾಡಿದರು, ನಿದ್ದೆ ಇನ್ನಷ್ಟು ಚೆನ್ನಾಗಿ ಬಂತು. ಸೋಫಾವೇ ಶತ್ರು ಎಂದು ತೀರ್ಮಾನಿಸಿ ನೇರ ಮೇಜಿಗೆ ಹೋಗಿ ಕೂತರು, ಅಲ್ಲೇ ತಲೆಯಿಟ್ಟು ಮಲಗಿ ಕೆನ್ನೆಗೆ ಮರ ಉಜ್ಜುವ ಉಪ್ಪುಕಾಗದದ ಗುರುತು ಮಾಡಿಕೊಂಡು ಎದ್ದರು. ದಿನಕ್ಕೆ ಹತ್ತೇ ನಿಮಿಷ ಕೆಲಸ ಮಾಡುವುದು ಹೇಗೆ ಎಂದು ಕಲಿಸುವ ವೀಡಿಯೊಗಳನ್ನು ಫೋನಿನಲ್ಲಿ ಹುಡುಕಿ, ಗಂಟೆಗಟ್ಟಲೆ ನೋಡಿದರು.

ಒಂದು ದಿನ ನನಗೂ ತಡೆಯಲಾಗಲಿಲ್ಲ. “ಮನಸ್ಸು ಬರ್ತಿಲ್ಲ ಮನಸ್ಸು ಬರ್ತಿಲ್ಲ ಅಂತೀರಲ್ಲ, ನಾನು ದುಡಿದು ಬಂದು ಒಲೆ ಹಚ್ತೀನಲ್ಲ, ನನಗೇನು ಮನಸ್ಸು ಉಕ್ಕಿ ಹರಿಯುತ್ತಾ?” ಎಂದುಬಿಟ್ಟೆ.

ಇವರು ಎದ್ದು ಬಂದು ತರಕಾರಿ ಹೆಚ್ಚಿಕೊಟ್ಟರು. ಅಂದಿನಿಂದ ಅದು ಇವರ ಕೆಲಸವಾಯಿತು, ನನಗೆ ಲಾಭವೇ. ಆದರೆ ಇವರು ಅಷ್ಟು ಸಲೀಸಾಗಿ ಸೋತದ್ದು ನನಗೆ ಹಿಡಿಸಲಿಲ್ಲ.

ಹೀಗಿರುವಾಗ ಮಂಚದ ಮಾತು ಬಂತು. ಮಗಳು ಹಾಲಿನಲ್ಲಿ ಮಡಚುವ ಮಂಚದ ಮೇಲೆ ಮಲಗುತ್ತಾಳೆ, ಅದರಾಚೆಗೆ ಅವಳ ಪಾದ ಚಾಚಿಕೊಂಡಿರುತ್ತದೆ. ನಮ್ಮದು ಒಂದೇ ಮಲಗುವ ಕೋಣೆಯ ಮನೆ. ನಿಜವಾದ ಮಂಚ ಹಾಕಲು ಜಾಗವೆಂದರೆ ಇವರ ಮೇಜಿನ ಮೂಲೆ ಮಾತ್ರ. ನಾನು ಹೇಳಲು ಹಿಂಜರಿಯುತ್ತಿದ್ದೆ, ಇವರೇ ಹೇಳಿದರು.

“ಮಂಚ ತರಿಸು. ಅದು ಬರೋಷ್ಟರಲ್ಲಿ ಅಜ್ಜಿ ಮುಗಿದ್ರೆ ಸರಿ, ಮೇಜಿಗೆ ಬೇರೆ ಏನಾದ್ರೂ ದಾರಿ ಹುಡುಕೋಣ. ಮುಗೀಲಿಲ್ಲ ಅಂದ್ರೆ ಮೇಜು, ಉಳಿ, ಮರ ಎಲ್ಲಾ ಯಾರಿಗಾದ್ರೂ ಕೊಟ್ಬಿಡ್ತೀನಿ. ದಿನಾ ಅದರ ಮುಖ ನೋಡೋಕಾಗಲ್ಲ ನನ್ಕೈಲಿ.”

ತಮಾಷೆಗೆ ಹೇಳಿದ ದನಿಯಲ್ಲ ಅದು. ಉಳಿ ಹಿಡಿಯದ ಇವರನ್ನು ನೆನೆಸಿಕೊಳ್ಳಲು ನನಗೆ ಹೆದರಿಕೆಯಾಯಿತು. ಹಲ್ಲು ಕಟ್ಟುವುದು ಸಂಬಳದ ಕೆಲಸ, ಯಾರು ಬೇಕಾದರೂ ಮಾಡಿಯಾರು. ಹುಲಿಯ ಬಾಯಿಂದ ನನ್ನನ್ನು ಕೇಳಿದವರು ಇವರೊಬ್ಬರೇ.

ಆಗ ನನಗೊಂದು ಕಿಡಿಗೇಡಿ ಯೋಚನೆ ಬಂತು. ಇವರ ಲ್ಯಾಬಿನಲ್ಲಿ ಒಂದೊಂದು ಬಾಯಿಯ ಕೆಲಸವೂ ಒಂದೊಂದು ಟ್ರೇಯಲ್ಲಿ ಬರುತ್ತದೆ, ಜೊತೆಗೊಂದು ಚೀಟಿ. ಬಿಳಿ ಟ್ರೇ ಆದರೆ ನಿಧಾನ ನಡೆಯುತ್ತದೆ. ಕೆಂಪು ಟ್ರೇ ಬಂತೆಂದರೆ ಯಾರದೋ ಮನೆಯಲ್ಲಿ ಮದುವೆ, ಯಾರೋ ಊಟ ಬಿಟ್ಟು ಕೂತಿದ್ದಾರೆ, ಕೈಲಿದ್ದದ್ದನ್ನು ಬಿಟ್ಟು ಮೊದಲು ಅದನ್ನು ಹಿಡಿಯಬೇಕು. ಜ್ವರವಿದ್ದರೂ ಇವರು ಕೆಂಪು ಟ್ರೇ ಮುಗಿಸದೆ ಮನೆಗೆ ಬಂದದ್ದಿಲ್ಲ. ಅಂಥದ್ದೊಂದು ಹಳೆಯ, ಬಿರುಕುಬಿಟ್ಟ ಕೆಂಪು ಟ್ರೇ ನಮ್ಮ ಮನೆಯಲ್ಲಿ ಮೊಳೆ ಸ್ಕ್ರೂ ತುಂಬಿಕೊಂಡು ಬಿದ್ದಿತ್ತು. ಅದನ್ನು ತೊಳೆದೆ. ಅಜ್ಜಿಯ ಅರ್ಧ ತಲೆಯನ್ನು ಅದರಲ್ಲಿಟ್ಟು, ‘ರೋಗಿ: ಅಜ್ಜಿ. ತೊಂದರೆ: ಬಾಯಿಯೇ ಇಲ್ಲ. ತುರ್ತು’ ಎಂದು ಚೀಟಿ ಬರೆದು, ಸೋಫಾದ ಮೇಲೆ ಇವರು ಬೀಳುವ ಜಾಗದಲ್ಲೇ ಇಟ್ಟೆ.

ಇವರು ಬಂದರು, ನೋಡಿದರು, ಸಣ್ಣಗೆ ನಕ್ಕರು. ಕೂರಲು ಟ್ರೇ ಎತ್ತಿದರು. ಎತ್ತಿದವರು ಕೂರಲಿಲ್ಲ! ಕಾಲು ತನ್ನಷ್ಟಕ್ಕೆ ಮೇಜಿನ ಕಡೆ ನಡೆಯಿತು. ದೀಪ ಹಾಕಿದರು, ಉಳಿ ಹುಡುಕಿದರು. ನಾನೂ ಮಗಳೂ ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಾ ನಿಂತಿದ್ದೆವು. “ಅಮ್ಮಾ, ನೀನು ಭಾರೀ ಕಿಲಾಡಿ,” ಎಂದು ಮಗಳು ಕಿವಿಯಲ್ಲಿ ಹೇಳಿದಳು. ನಾನು ಸುಳ್ಳೇಕೆ ಹೇಳಲಿ, ಬೀಗಿಹೋದೆ.

ಆ ವಾರವೆಲ್ಲ ಹೀಗೇ ನಡೆಯಿತು. ಸಂಜೆ ಟ್ರೇ ಸೋಫಾದ ಮೇಲೆ, ಸ್ವಲ್ಪ ಹೊತ್ತಿಗೆ ಇವರು ಮೇಜಿನ ಮುಂದೆ. ಬಗ್ಗಿದ ಬೆನ್ನೊಂದೇ ಕಾಣುತ್ತಿತ್ತು. ಹತ್ತಿರ ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು, ಮುಗಿದ ಮೇಲೆ ತೋರಿಸುತ್ತೇನೆಂದು.

ಮಂಚದವರು ನಾಳೆ ಬರುತ್ತೇವೆ ಎಂದು ಫೋನ್ ಮಾಡಿದ ಸಂಜೆ ಇವರು ನಮ್ಮಿಬ್ಬರನ್ನೂ ಕರೆದರು. ಮುಚ್ಚಿಟ್ಟಿದ್ದ ಬಟ್ಟೆ ಸರಿಸಿ ಅಜ್ಜಿಯ ತಲೆಯನ್ನು ಕೈಗೆ ಏರಿಸಿಕೊಂಡು ದಾರ ಎಳೆದರು.

ಎಂಥ ಮುಖ ಅಂತೀರಿ! ಕೆನ್ನೆಯ ಸುಕ್ಕು, ಕಣ್ಣಂಚಿನ ತುಂಟತನ, ನೋಡಿದರೆ ಯಾರ ಮನೆಯ ಅಜ್ಜಿಯೋ ಎದ್ದು ಬಂದಂತಿತ್ತು. ಬಾಯಿ ತೆರೆಯಿತು. ಒಳಗೆ ಗುಲಾಬಿ ಬಣ್ಣದ ವಸಡು, ಅದರಲ್ಲಿ ಮೇಲೊಂದು ಕೆಳಗೊಂದು ಹಲ್ಲಿನ ಸಾಲು, ಅಳತೆಗೆ ಸರಿಯಾಗಿ, ಹೊಳಪು ಕೊಟ್ಟು, ಕೋರೆಹಲ್ಲಿಗೆ ಚೂರು ಹಳದಿ ಛಾಯೆ ಬೇರೆ. ಇವರ ಕೈಯಿಂದ ಇದಕ್ಕಿಂತ ಚೆಂದದ ಸೆಟ್ಟು ಬಂದಿರಲಾರದು.

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

“ಅಪ್ಪಾ,” ಎಂದಳು ಮೆಲ್ಲಗೆ, “ಅಜ್ಜಿಗೆ ಹಲ್ಲಿರಬಾರದು ಅಲ್ವಾ?”

ಇವರು ಗೊಂಬೆಯ ಬಾಯಿಯನ್ನು ತಮ್ಮ ಕಡೆ ತಿರುಗಿಸಿ ನೋಡಿದರು. ಬೊಚ್ಚುಬಾಯಿಯಿಂದಲೇ ಹುಟ್ಟಿದ ಕಥೆ, ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದ ಬೊಚ್ಚುಬಾಯಿ. ತಲೆ ಟ್ರೇಯಲ್ಲಿ ಬಂತು, ಚೀಟಿ ತುರ್ತು ಎಂದಿತು, ಕೈ ತನಗೆ ಗೊತ್ತಿದ್ದದ್ದನ್ನು ಮಾಡಿ ಮುಗಿಸಿತ್ತು. ಲ್ಯಾಬಿನಲ್ಲಿ ಖಾಲಿ ಬಾಯಿ ಬಂದರೆ ಅದನ್ನು ಖಾಲಿ ವಾಪಸು ಕಳಿಸಿದವರುಂಟೇ?

ನನಗೆ ಮೊದಲು ನಗು ಬಂತು. ಇವರ ಮುಖ ನೋಡಿ ನುಂಗಿಕೊಂಡೆ.

“ನನ್ನ ಕೈ ಹೋಯ್ತು ಕಣೇ,” ಎಂದರು. “ಲ್ಯಾಬಿನವರು ಸಂಬಳ ಕೊಟ್ಟು ಇಟ್ಕೊಂಡ್ಬಿಟ್ಟಿದ್ದಾರೆ. ಮನೆಗೆ ಬರೋದು ನಾನೊಬ್ಬನೇ.”

“ಅಯ್ಯೋ ಬಿಡ್ರೀ, ಕಿತ್ತರಾಯ್ತು. ನಂದೇ ತಪ್ಪು, ಆ ಹಾಳು ಟ್ರೇ ಇಟ್ಟಿದ್ದು ನಾನು.”

“ಕಿತ್ತರೆ ದವಡೆನೂ ಬರುತ್ತೆ. ಗಟ್ಟಿಯಾಗಿ ಕೂರಿಸಿದ್ದೀನಿ.” ಅದರಲ್ಲೂ ಸ್ವಲ್ಪ ಹೆಮ್ಮೆಯಿತ್ತು, ದೇವರೇ. ಗೊಂಬೆಯನ್ನು ಸೋಫಾದ ಮೇಲಿಟ್ಟು, ಇವರು ಹೋಗಿ ಸ್ಕ್ರೂಡ್ರೈವರ್ ತಂದು ಮೇಜಿನ ಕಾಲು ಬಿಚ್ಚತೊಡಗಿದರು. ಬೇಡವೆಂದೆ. ಮಾತು ಮಾತೇ ಎಂದರು. ನಾಲ್ಕು ಕಾಲು, ಒಂದು ಹಲಗೆ, ಗೋಡೆಗೆ ಒರಗಿ ನಿಂತವು. ಉಳಿಗಳನ್ನು ಡಬ್ಬಿಗೆ ತುಂಬಿದರು. ಅಂದು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಮಂಚ ಬಂತು. ತಂದವರು ಮೂಲೆಗೆ ತಳ್ಳಿ ಹೋದರು, ಅಳತೆ ಮಾಡಿಸಿದಂತೆ ಕೂತಿತು. ಮಗಳು ಉದ್ದಕ್ಕೆ ಮಲಗಿ ಕಾಲು ಚಾಚಿದಳು, ಪಾದ ಒಳಗೇ ಉಳಿಯಿತು. ಅವಳ ಖುಷಿಗೆ ನನಗೆ ಖುಷಿಪಡಲೂ ಆಗಲಿಲ್ಲ, ಪಡದಿರಲೂ ಆಗಲಿಲ್ಲ.

ಸಂಜೆ ಇವರು ಬಂದರು. ಹುಬ್ಬಿನ ಮೇಲೆ ಪುಡಿ, ಬಗ್ಗಿದ ಕುತ್ತಿಗೆ. “ಮಂಚ ಚೆನ್ನಾಗಿದೆ,” ಎಂದರು, ಸೋಫಾದ ಮೇಲೆ ಬಿದ್ದರು. ಕಣ್ಣು ಈ ಸಲ ಮೂಲೆಯ ಕಡೆ ಹೋಗಲಿಲ್ಲ, ಅದೇ ನನಗೆ ತಾಳಲಾರದೆ ಹೋಯಿತು. ನಾಳೆ ಮಾಡ್ತೀನಿ ಎಂದೂ ಅನ್ನಲಿಲ್ಲ. ವರ್ಷಗಟ್ಟಲೆ ಕೇಳಿ ರೇಗಿದ್ದ ಮಾತನ್ನು ಒಮ್ಮೆ ಅನ್ನಲಿ ಎಂದು ನಾನು ಅಡುಗೆಮನೆಯಲ್ಲಿ ಇವರ ಪಾಲಿನ ಈರುಳ್ಳಿಯನ್ನೂ ನಾನೇ ಹೆಚ್ಚುತ್ತಾ ಕಾದೆ. ಕಣ್ಣೀರಿಗೆ ಈರುಳ್ಳಿಯ ನೆಪವಿತ್ತು.

ಆಗ ಹಾಲಿನಲ್ಲಿ ಕಟಕಟ ಕಟಕಟ ಎಂದು ಸದ್ದಾಯಿತು.

ಇಣುಕಿದೆ. ಮಗಳು ಹೊಸ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕೈಗೆ ಅಜ್ಜಿಯನ್ನು ಏರಿಸಿಕೊಂಡು, ದಾರ ಎಳೆದೆಳೆದು ಹಲ್ಲು ಕಡಿಸುತ್ತಿದ್ದಳು.

“ಏನಯ್ಯಾ,” ಎಂದಳು ಅಜ್ಜಿ, ಮಗಳ ಗಂಟಲಿನಿಂದ ಅಂಥ ಗೊಗ್ಗರು ದನಿ ಬಂದದ್ದೆಲ್ಲಿಂದಲೋ. “ಹಲ್ಲು ಕೊಟ್ಟೆ, ಸಂತೋಷ. ಕೈ ಎಲ್ಲಿ? ತಿನ್ನೋದು ಹೇಗೆ ನಾನು?”

ಇವರು ಕಣ್ಣು ಮುಚ್ಚಿಕೊಂಡೇ ಇದ್ದರು. “ಸುಮ್ನಿರೇ, ಸುಸ್ತಾಗಿದೆ.”

“ಯಾರಿಗಯ್ಯಾ ಸುಮ್ನಿರೇ ಅಂತಿದ್ದೀಯ? ನಿಮ್ಮಜ್ಜಿ ವಯಸ್ಸು ನಂದು.” ಕಟಕಟ. “ಕಾಡಲ್ಲಿ ಹುಲಿ ಕಾಯ್ತಾ ಇದೆ. ಹಲ್ಲು ಕಟ್ಟಿಸ್ಕೊಂಡು ಬಂದಿದ್ದೀನಿ, ಒಂದು ಕೈ ನೋಡೇಬಿಡ್ತೀನಿ ಅಂತ ಹೊರಟ್ರೆ ಕೈಯೇ ಇಲ್ಲ!”

ಇವರ ಒಂದು ಕಣ್ಣು ತೆರೆಯಿತು. “ಹುಲಿಗೆ ಹಲ್ಲು ತೋರಿಸಿ ಏನ್ಮಾಡ್ತೀಯಾ?”

“ಏನ್ಮಾಡ್ಲಿ, ನೀನೇ ಹೇಳು. ಕಥೆ ನಿಂದು.”

ನಾನು ಚಾಕು ಕೆಳಗಿಡಲೂ ಹೆದರಿದೆ.

“ಹುಲಿ ಮುದಿಯಾಗಿರುತ್ತೆ,” ಎಂದರು ಇವರು ನಿಧಾನಕ್ಕೆ. “ಹಲ್ಲು ಉದುರಿರೋದು ಈ ಸಲ ಅದಕ್ಕೆ. ಗರ್ಜನೆ ಮಾಡುತ್ತೆ, ಬಾಯಲ್ಲಿ ಏನೂ ಇಲ್ಲ. ಅಜ್ಜಿನೇ ಅದನ್ನ ಕೂರಿಸ್ಕೊಂಡು...” ನಿಲ್ಲಿಸಿದರು. “ನಾಳೆ ಯೋಚನೆ ಮಾಡೋಣ.”

“ನಾಳೆ ನಾಳೆ ಅನ್ನೋರನ್ನ ಕಚ್ಚೋಕೇ ಕಣಯ್ಯಾ ನಾನು ಹಲ್ಲು ಕಟ್ಟಿಸ್ಕೊಂಡಿದ್ದು!” ಎಂದಳು ಅಜ್ಜಿ. ಮಂಚದಿಂದ ಹಾರಿ ಬಂದು ಇವರ ಕಿವಿಯನ್ನು ಕಚ್ಚೇಬಿಟ್ಟಳು.

ಹಲ್ಲು ಒಳ್ಳೆಯ ಹಲ್ಲು. ಇವರು ಹಾ ಎಂದು ಕೂಗಿ, ಆಮೇಲೆ ನಗತೊಡಗಿದರು, ಕಿವಿ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. ಇವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ ನನಗೆ ನೆನಪಾಗಲಿಲ್ಲ. ನಗು ನಿಂತ ಮೇಲೆ ಎದ್ದು ಮಗಳ ಕೈಯಿಂದ ಗೊಂಬೆ ತೆಗೆದುಕೊಂಡು ಹಾಲಿನಲ್ಲೆಲ್ಲ ಒಮ್ಮೆ ಕಣ್ಣಾಡಿಸಿದರು. ಮೂಲೆಯಲ್ಲಿ ಮಂಚ. ಹಲಗೆ ಗೋಡೆಗೆ ಒರಗಿದೆ, ಹಾಕಲು ಜಾಗವಿಲ್ಲ. ಉಳಿಗಳ ಡಬ್ಬಿ ಎತ್ತಿಕೊಂಡು ಸೀದಾ ಅಡುಗೆಮನೆಗೆ ಬಂದರು.

ಕಟ್ಟೆಯ ಮೇಲೆ ನನ್ನ ಈರುಳ್ಳಿ, ಸೌಟು, ಪಾತ್ರೆ, ಎಲ್ಲ ಹರಡಿಕೊಂಡಿತ್ತು. ಇವರು ಮೊಣಕೈಯಿಂದ ಅದನ್ನೆಲ್ಲ ಒಂದು ಬದಿಗೆ ತಳ್ಳಿ, ಅಜ್ಜಿಯನ್ನು ಇಟ್ಟು, ಅವಳ ಕೈಗಾಗುವಂಥ ಒಂದು ಮರದ ತುಂಡನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಸ್ವಲ್ಪ ಆ ಕಡೆ ಸರಿ,” ಎಂದರು ನನಗೆ. ನನ್ನ ಮುಖ ಕೂಡ ನೋಡಲಿಲ್ಲ.

ನನ್ನ ಅಡುಗೆಮನೆಯಲ್ಲಿ ನನ್ನನ್ನೇ ಸರಿ ಎಂದವರು ಇವರಿಗಿಂತ ಮುಂಚೆ ಯಾರೂ ಇಲ್ಲ. ಬೇರೆ ದಿನವಾಗಿದ್ದರೆ ಸೌಟಿನಲ್ಲೇ ಉತ್ತರ ಕೊಡುತ್ತಿದ್ದೆ. ಆ ದಿನ ಸರಿದೆ. ಮರದ ಸಿಪ್ಪೆ ಹಾರಿ ಬಂದು ಈರುಳ್ಳಿಯ ಮೇಲೆ ಬಿತ್ತು. ಆರಿಸಿ ತೆಗೆಯುತ್ತಾ, ಇನ್ನಷ್ಟು ಸರಿದೆ.