ಗೇಟು ಕಂಡರೆ ಬ್ರೇಕು

ಬೈಯುವುದು ನನಗೆ ನೀರು ಕುಡಿದಷ್ಟು ಸುಲಭ. ಯಾರಾದರೂ ಮಾಡಿದ ಉಪಕಾರ ಹೇಳಬೇಕೆಂದರೆ ಮಾತ್ರ ನಾಲಿಗೆ ಹೊರಳುವುದಿಲ್ಲ. ಆದರೂ ಈ ಸಲ ಹೇಳಲೇಬೇಕು. ಹೇಳದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ನಾನು ಅಂಚೆ ಹಂಚುವವಳು. ಬೀದಿಯವರಿಗೆಲ್ಲ ಪೋಸ್ಟಕ್ಕ. ಮದುವೆಗೂ ಮುಂಚಿನಿಂದ ಒಂದೇ ಬೀಟು, ಅವೇ ಬೀದಿಗಳು, ಹೆಗಲ ಮೇಲೊಂದು ಚೀಲ. ಹೋದ ವರ್ಷ ಒಂದು ಬೆಳಿಗ್ಗೆ ಪೋಸ್ಟ್‌ಮಾಸ್ಟರು ನಮ್ಮನ್ನೆಲ್ಲ ಕೌಂಟರಿನ ಹಿಂದೆ ನಿಲ್ಲಿಸಿಕೊಂಡು ಸರ್ಕಾರದ ಸುತ್ತೋಲೆ ಓದಿದರು. ದೇಶದ ಅಂಚೆ ಕಚೇರಿಗಳನ್ನೆಲ್ಲ ಆಧುನೀಕರಿಸುತ್ತಾರಂತೆ. ಸೋರುವ ಸೂರಿಗೆ ದುರಸ್ತಿ, ಹೊಸ ಕೌಂಟರು, ಕೈಯಲ್ಲಿ ಹಿಡಿದು ಸಹಿ ಮಾಡಿಸಿಕೊಳ್ಳುವ ಯಂತ್ರ, ಬೀಟಿಗೊಂದು ಬ್ಯಾಟರಿ ಸ್ಕೂಟರು. ನಾವೆಲ್ಲ ತಲೆಯಾಡಿಸಿದೆವು. ಕೊನೆಯ ಸಾಲು ಬಂದಾಗ ಅವರು ಕನ್ನಡಕ ತೆಗೆದು ಒರೆಸಿದರು. ಸ್ಕೂಟರು ಪರೀಕ್ಷೆಯಲ್ಲಿ ಪಾಸಾಗದವರಿಗೆ ಬೀಟಿಲ್ಲ, ಅವರನ್ನು ಜಿಲ್ಲಾ ಕೇಂದ್ರದ ವಿಂಗಡಣೆ ಹಾಲಿಗೆ ಕಳಿಸುತ್ತಾರೆ.

"ಯಾರ ತಲೆಗೆ ಹೊಳೀತು ಸಾರ್ ಇದು? ನನ್ನ ಕಾಲಿಗೇನು ಬಂದಿದೆ ಧಾಡಿ?" ಎಂದೆ.

"ನನ್ನ ಮೇಲೆ ಯಾಕಮ್ಮಾ ಎಗರಾಡ್ತೀಯ? ನಾನೇನು ಸರ್ಕಾರಾನಾ?"

ಅವರ ಮೇಲೆ ಎಗರಾಡಿ ಪ್ರಯೋಜನವಿರಲಿಲ್ಲ, ನಿಜ. ಆದರೆ ಆ ವಿಂಗಡಣೆ ಹಾಲನ್ನು ನಾನು ನೋಡಿದ್ದೆ. ಉದ್ದಕ್ಕೆ ಟ್ಯೂಬ್‌ಲೈಟು, ಕಿಟಕಿ ಇಲ್ಲ, ಎದುರಿಗೆ ಬರೀ ಗೂಡುಗಳು. ಇಡೀ ದಿನ ಕಾಗದದ ಮುಖ ನೋಡಬೇಕು, ಅದು ಸೇರುವ ಮನುಷ್ಯರ ಮುಖ ಮಾತ್ರ ಕಾಣುವುದಿಲ್ಲ. ಮಾತಿಲ್ಲದಿದ್ದರೆ ನಾನು ವಾರದೊಳಗೆ ಸೊರಗಿಹೋಗುವ ಹೆಂಗಸು. ನನ್ನ ಬೀಟು ನನಗೆ ಬೇಕಿತ್ತು, ಅಷ್ಟೇ. ಆದರೆ ನಾನೋ ಹುಟ್ಟಿದ ಮೇಲೆ ಒಂದು ಸೈಕಲ್ಲನ್ನೂ ತುಳಿದವಳಲ್ಲ.

ನಮ್ಮ ಮನೆಯವರು ಬಸ್ ಡ್ರೈವರು. ಕಲಿಯಲೆಂದು ಕಚೇರಿ ಕೊಟ್ಟ ಸ್ಕೂಟರಿನಲ್ಲಿ ಸಂಜೆ ಶಾಲೆಯ ಮೈದಾನದಲ್ಲಿ ಕಲಿಸಲು ಬಂದರು. ಕಲಿಸುವುದೆಂದರೆ ಅವರ ಲೆಕ್ಕದಲ್ಲಿ ಕಿರುಚುವುದು. "ಎಡಕ್ಕೆ! ಎಡ ಅಂದ್ರೆ ಎಡ ಕಣೇ! ಅಯ್ಯೋ, ಕಂಬ ನಿನಗೇನು ಮಾಡಿತ್ತೇ?" ಎರಡನೆಯ ಸಲ ಬಿದ್ದಾಗ ನಾನು ಹೆಲ್ಮೆಟ್ಟನ್ನು ತೆಗೆದು ಅವರ ಕೈಗೆ ತುರುಕಿ, "ನಿಮ್ಮ ಬಸ್ಸಿನೋರು ಪಾಪ, ಟಿಕೆಟ್ ಕೊಂಡು ಇದನ್ನೆಲ್ಲ ಕೇಳ್ತಾರಾ?" ಎಂದು ನಡೆದೇ ಮನೆಗೆ ಬಂದೆ.

ಮರುದಿನ ಸಂಜೆ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟು ನಿಂತರು.

"ನೀನು ಬಸ್ ಓಡ್ಸು ಹೋಗೋ. ಇವಳಿಗೆ ನಾನು ಕಲಿಸ್ತೀನಿ."

"ಅಮ್ಮಾ, ನಿನಗೇ ಬರಲ್ವಲ್ಲೇ!"

"ಬರದೇ ಇರೋರಿಗೇ ಗೊತ್ತಿರೋದು, ಹೆದರಿಕೆ ಎಲ್ಲಿರುತ್ತೆ ಅಂತ."

ಮೈದಾನದಲ್ಲಿ ಅವರು ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಹಿಂದುಗಡೆ, ಚೀಲ ಕಟ್ಟುವ ಜಾಗದಲ್ಲಿ ಹತ್ತಿ ಕೂತರು. "ಇನ್ನು ನೀನು ಬಿದ್ರೆ ನಾನೂ ಬಿದ್ದ ಹಾಗೆ. ಈ ವಯಸ್ಸಲ್ಲಿ ನನ್ನ ಸೊಂಟ ಮುರಿದ್ರೆ ಎತ್ತಿ ಕೂರಿಸೋಳು ನೀನೇ. ಯೋಚನೆ ಮಾಡಿ ನಡಿಸು" ಎಂದರು. ಅಬ್ಬಾ, ಆ ಹೆದರಿಕೆಗೆ ನನ್ನ ಕೈ ತಾನಾಗಿ ನೆಟ್ಟಗಾಯಿತು. ನಾನು ಗಾಡಿ ವಾಲಿಸಿದಾಗಲೆಲ್ಲ ಅವರು ನನ್ನ ಸೊಂಟ ಗಟ್ಟಿಯಾಗಿ ಹಿಡಿಯುತ್ತಿದ್ದರು, ಒಂದು ಸಲವೂ ಕಿರುಚಲಿಲ್ಲ. ಹೆತ್ತ ತಾಯಿಯೂ ಹಾಗೆ ಕೂರುತ್ತಿರಲಿಲ್ಲವೇನೋ. ತಿಂಗಳು ಕಳೆಯುವುದರೊಳಗೆ ಮೈದಾನದ ಸುತ್ತ ಕಾಲೂರದೆ ಸುತ್ತುವಷ್ಟಾದೆ. ಇನ್ನೇನು, ಗೆದ್ದೆ ಅಂದುಕೊಂಡೆ.

ಪರೀಕ್ಷೆಯ ದಿನ ದೊಡ್ಡ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಪರೀಕ್ಷೆ ನಡೆಯಬೇಕಾದದ್ದು ಕಚೇರಿಯ ಹಿತ್ತಲಲ್ಲಿ. ಆದರೆ ಸ್ಕೂಟರುಗಳಿಗೆ ಚಾರ್ಜು ಮಾಡುವ ಜಾಗ ಕಟ್ಟಲೆಂದು ಅದನ್ನು ಅಗೆದುಹಾಕಿದ್ದರು. "ಮುಂದಿನ ಬೀದೀಲೇ ಮಾಡೋಣ" ಎಂದರು ಅಧಿಕಾರಿ. ಹಿಂದೆ ರದ್ದಿ ಕಾಗದ ತುಂಬಿದ ಚೀಲ ಕಟ್ಟಿಕೊಂಡು ಬೀದಿಯ ಕೊನೆಯವರೆಗೆ ಹೋಗಿ, ತಿರುಗಿಸಿಕೊಂಡು ವಾಪಸು ಬರಬೇಕು. ಎಲ್ಲೂ ಕಾಲೂರಬಾರದು. ಎರಡು ಅವಕಾಶ, ಅದರ ಮೇಲಿಲ್ಲ.

ಆ ಬೀದಿ ನನ್ನ ಬೀಟಿನದೇ. ಕಣ್ಣು ಕಟ್ಟಿ ಬಿಟ್ಟರೂ ನಡೆಯುತ್ತೇನೆ, ಇದೇನು ಮಹಾ ಎಂದು ಹೊರಟೆ. ಮೊದಲ ಮನೆ ಟೈಲರಮ್ಮನದು. ಅವಳ ಗೇಟು ಬಂತೋ ಇಲ್ಲವೋ, ನನ್ನ ಬೆರಳುಗಳು ಬ್ರೇಕು ಹಿಡಿದುಬಿಟ್ಟವು, ಎಡಗಾಲು ನೆಲಕ್ಕೆ ಇಳಿಯಿತು. ಟೈಲರಮ್ಮ ಹೊಲಿಗೆ ಬಿಟ್ಟು ಎದ್ದು ಬಂದು ಅಭ್ಯಾಸಬಲದಿಂದ ಕೈ ಚಾಚಿದಳು. ನಾನು ಪೆಚ್ಚಾಗಿ ಅವಳ ಮುಖ ನೋಡಿದೆ.

ಮುಂದಕ್ಕೆ ಹೋದೆ. ರಿಟೈರಾದ ಮೇಷ್ಟ್ರ ಗೇಟಿನಲ್ಲಿ ಮತ್ತೆ ಅದೇ ಕಥೆ. ಅದರಾಚೆಯ ಗೇಟಿನಲ್ಲೂ ಅದೇ. ಮೈದಾನದಲ್ಲಿ ಗೇಟುಗಳಿರಲಿಲ್ಲವಲ್ಲ, ಈ ರೋಗ ಅಲ್ಲಿ ಗೊತ್ತಾಗಿರಲಿಲ್ಲ. ಇಷ್ಟು ವರ್ಷ ಈ ದೇಹ ಆ ಗೇಟುಗಳ ಮುಂದೆ ನಿಂತೇ ಬಂದಿದೆ, ಇವತ್ತು ನಿಲ್ಲಬೇಡ ಎಂದರೆ ಎಲ್ಲಿ ಕೇಳುತ್ತದೆ? ಅಧಿಕಾರಿ ಸೀಟಿ ಊದಿದರು. ಗಾಡಿ ತಳ್ಳಿಕೊಂಡು ವಾಪಸು ಬಂದೆ. ನೋಡಲು ಬಂದಿದ್ದ ನಮ್ಮತ್ತೆಯ ಪಕ್ಕದಲ್ಲಿ ನಮ್ಮ ಮನೆಯವರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

"ಇನ್ನೊಂದೇ ಅವಕಾಶ ಇರೋದು. ಗೇಟು ನೋಡಬೇಡಿ, ರಸ್ತೆ ನೋಡಿ" ಎಂದರು ಅಧಿಕಾರಿ.

"ರಸ್ತೆ ನೋಡೋಕೆ ನನಗ್ಯಾರೂ ಸಂಬಳ ಕೊಟ್ಟಿಲ್ಲ ಸಾರ್, ಗೇಟು ನೋಡೋಕೇ ಕೊಟ್ಟಿರೋದು" ಎಂದೆ. ಬಾಯಿ ಜೋರಿತ್ತು, ಆದರೂ ಕಿಟಕಿಯಿಲ್ಲದ ಆ ಹಾಲು ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಟೈಲರಮ್ಮ ಬೀದಿಯ ಮಧ್ಯಕ್ಕೆ ಬಂದು, ಸೊಂಟಕ್ಕೆ ಕೈಯಿಟ್ಟು, ಕೊನೆಯ ಮನೆಗೂ ಕೇಳುವ ಹಾಗೆ ಕೂಗಿದಳು: "ರೀ, ಎಲ್ಲಾರೂ ಗೇಟಿಗೆ ಬನ್ರೀ! ಪೋಸ್ಟಕ್ಕಂಗೆ ನಮ್ಮನ್ನ ಬಿಟ್ಟು ಹೋಗೋಕೆ ಆಗ್ತಿಲ್ಲ. ನಾವೇ ಕಳಿಸಿಕೊಡಬೇಕು!"

ಎರಡನೆಯ ಸಲ ಹೊರಟೆ. ಟೈಲರಮ್ಮನ ಗೇಟು ಬಂತು, ಬೆರಳು ಬಿಗಿಯಾಯಿತು. "ನಮಗೇನೂ ಇಲ್ಲ! ಹೋಗೇ!" ಎಂದು ಗದರಿದಳು. ಬೆರಳು ಸಡಿಲವಾಯಿತು. ಮೇಷ್ಟ್ರು ತಮ್ಮ ಗೇಟಿಗೆ ಅಡ್ಡಲಾಗಿ ನಿಂತಿದ್ದರು. ಪತ್ರಿಕೆಯ ಮೂಲೆ ಮಡಚಿದ್ದಕ್ಕೂ ನನ್ನ ಮೇಲೆ ದೂರು ಕೊಟ್ಟ ಮಹಾನುಭಾವರು ಅವರು. "ನನಗೇನೂ ಬಂದಿಲ್ಲ! ಬಂದಿದ್ರೂ ಬೇಡ! ನಿಲ್ಲಿಸಿದ್ರೆ ಮತ್ತೆ ಕಂಪ್ಲೇಂಟ್ ಬರೀತೀನಿ ನೋಡಿ!" ಎಂದರು. ಆಚೆ ಮನೆ, ಈಚೆ ಮನೆ, ಮಹಡಿ ಮೇಲಿನವರು, ಎಲ್ಲರದೂ ಒಂದೇ ಕೂಗು. ನಮಗೇನೂ ಇಲ್ಲ, ಹೋಗು. ದಿನಾ ನನ್ನ ದಾರಿ ಕಾದು "ನಮಗೇನಾದ್ರೂ ಇದೆಯಾ" ಎಂದು ಕೇಳುವ ಬಾಯಿಗಳೇ ಅವು.

ಬೀದಿಯ ಕೊನೆಯಲ್ಲಿ ಕಟಿಂಗ್ ಶಾಪಿನಾತನ ಮನೆ. ಅವನ ಮಗಳ ಕಣ್ಣಿನ ಆಪರೇಷನ್ನಿಗೆ ದೊಡ್ಡಾಸ್ಪತ್ರೆಯಿಂದ ಕರೆ ಬರಬೇಕಿತ್ತು, ರಿಜಿಸ್ಟರ್ ಅಂಚೆಯಲ್ಲಿ. ಅವನೇ ಸಹಿ ಹಾಕಿ ತೆಗೆದುಕೊಳ್ಳಬೇಕು. ಹೆಂಡತಿ ಬೆಳಿಗ್ಗೆಯೇ ಕಾರ್ಖಾನೆಗೆ ಹೋಗುತ್ತಾಳೆ. ಅವನು ಅಂಗಡಿ ಮುಚ್ಚಿಟ್ಟು, ನಾನು ನಡೆದು ನಡೆದು ಅವನ ಮನೆ ಮುಟ್ಟುವ ಮಧ್ಯಾಹ್ನದವರೆಗೆ ಆ ಗೇಟಿನಲ್ಲಿ ಕಾಯುತ್ತಿದ್ದ. ಅವತ್ತೂ ಮಗಳ ಕೈ ಹಿಡಿದು ನಿಂತಿದ್ದ. ಗಾಡಿ ತಿರುಗಿಸಬೇಕಾದದ್ದೂ ಅವನ ಗೇಟಿನ ಮುಂದೆಯೇ. ವೇಗ ತಗ್ಗಿಸಿದೆ, ಗಾಡಿ ಅಲುಗಾಡಿತು, ಕಾಲು ಇಳಿಯುತ್ತೇನೆಂದು ಹಟ ಹಿಡಿಯಿತು. ಅವನ ಕಣ್ಣು ನನ್ನ ಹಿಂದಿನ ಚೀಲದ ಮೇಲಿತ್ತು. ಅದರಲ್ಲಿರುವುದು ರದ್ದಿ ಎಂದು ಅವನಿಗೇನು ಗೊತ್ತು?

"ನಮಗೂ ಏನೂ ಇಲ್ಲ ಅಕ್ಕಾ. ನೀವು ಹೋಗ್ಬಿಡಿ" ಎಂದ.

ಹೇಗೆ ತಿರುಗಿಸಿದೆನೋ ಕಾಣೆ. ಕಣ್ಣು ಮಂಜಾಗಿತ್ತು, ಕಾಲು ಮಾತ್ರ ಮೇಲೆಯೇ ಇತ್ತು. ವಾಪಸು ಬರುವಾಗ ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟುತ್ತಿತ್ತು. ಅಧಿಕಾರಿ ಪಾಸು ಎಂದು ಬರೆದು, "ನಾನು ಬಂದ್ರೆ ಜನ ಗೇಟು ಹಾಕ್ಕೋತಾರಮ್ಮ. ನಿಮ್ಮ ಪುಣ್ಯ ದೊಡ್ಡದು" ಎಂದರು. ನಮ್ಮತ್ತೆ ಬಂದು ಸೆರಗಿನಿಂದ ನನ್ನ ಮುಖ ಒರೆಸಿದರು. ನಾನು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ ಎನ್ನಬೇಕೆಂದುಕೊಂಡೆ, ಬಾಯಿಂದ ಹೊರಟದ್ದು ಮಾತ್ರ "ಸಾಕು, ಒಳಗೆ ಹೋಗ್ರೀ" ಎಂಬ ಗದರಿಕೆ.

ಮರುದಿನ ಬೆಳಿಗ್ಗೆ ಅಂಚೆ ಬಂದ ಕೂಡಲೇ ಮೊದಲು ರಿಜಿಸ್ಟರ್ ಕಟ್ಟು ಬಿಚ್ಚಿ ನೋಡಿದೆ. ಆಸ್ಪತ್ರೆಯದು ಇರಲಿಲ್ಲ. ಸ್ಕೂಟರು ಹತ್ತಿ, ಟೈಲರಮ್ಮನ ಗೇಟು ಬಿಟ್ಟೆ, ಮೇಷ್ಟ್ರ ಗೇಟು ಬಿಟ್ಟೆ. "ನನ್ನ ಪತ್ರಿಕೆ!" ಎಂದು ಅವರು ಕೂಗಿದರು. "ಬರ್ತೀನಿ ತಡೀರಿ ಸಾರ್!" ಎಂದು ತಿರುಗಿ ಕೂಗಿ, ಸೀದಾ ಬೀದಿಯ ಕೊನೆಗೆ ಹೋಗಿ ಬ್ರೇಕು ಹಿಡಿದು, ಎಡಗಾಲು ಗಟ್ಟಿಯಾಗಿ ಊರಿ ನಿಂತೆ.

ಕಟಿಂಗ್ ಶಾಪಿನಾತ ಬಾಗಿಲಿಗೆ ಓಡಿಬಂದ. ಇಷ್ಟು ಬೇಗ ನನ್ನನ್ನು ಅಲ್ಲಿ ಕಂಡು ಅವನಿಗೆ ಗಾಬರಿಯೇ ಆಗಿತ್ತು.

"ಇವತ್ತು ಬಂದಿಲ್ಲ ತಮ್ಮಾ" ಎಂದೆ. "ನಾಳೆಯಿಂದ ದಿನಾ ನಿಮ್ಮನೆಗೇ ಮೊದಲು ಬಂದು ಹೇಳ್ತೀನಿ. ಗಿರಾಕಿಗಳು ಕಾಯ್ತಿರ್ತಾರೆ, ಹೋಗಿ ಅಂಗಡಿ ತೆಗಿ."

ಅವನು ಮಗಳಿಗೆ ಚಪ್ಪಲಿ ಹಾಕಿಸಿ, ಮನೆಗೆ ಬೀಗ ಹಾಕಿಕೊಂಡು, ಅಂಗಡಿಯ ಕಡೆ ನಡೆದ.