ಹತ್ತೇ ನಿಮಿಷದ ನೀಲಿ

ಬೇಗ ಆಗುವುದನ್ನು ನಿಧಾನ ಮಾಡುವುದು ಹೇಗೆ ಎಂದು ನಮ್ಮ ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ಸಂಶೋಧನೆ ನಡೆದಿತ್ತು. ಬೇರೆ ಕಚೇರಿಗಳವರು ಇದನ್ನು ಯಾವ ಸಂಶೋಧನೆಯೂ ಇಲ್ಲದೆ ಸಾಧಿಸಿದ್ದಾರೆ, ನಮಗೆ ಮಾತ್ರ ಕಡಲಪಾಚಿ ಬೇಕಾಯಿತು.

ಕಡಲಪಾಚಿಯಿಂದ ತೆಗೆದ ಅಂಟಿನ ಪುಡಿಯನ್ನು ನೀರಿನಲ್ಲಿ ಕಲಸಿ, ಔಷಧ ಸೇರಿಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ನೀರಿಗೆ ಹನಿ ಹನಿಯಾಗಿ ಬಿಡಬೇಕು. ಒಂದೊಂದು ಹನಿಯೂ ಮೆತ್ತನೆಯ ಮಣಿಯಾಗುತ್ತದೆ. ಅರ್ಧ ಗಂಟೆ ಅಲ್ಲೇ ಬಿಟ್ಟು, ಆಮೇಲೆ ಸಿಗಡಿ ಸಿಪ್ಪೆಯಿಂದ ಮಾಡಿದ ಅಂಟಿನಲ್ಲಿ ಅದ್ದಿ ತೆಗೆದರೆ ಒಳಗಿನ ಔಷಧ ಪೂರ್ತಿ ಹೊರಬರಲು ಹನ್ನೆರಡು ಗಂಟೆ ಬೇಕು. ಲೆಕ್ಕವೆಲ್ಲ ಈ ಸಂಶೋಧನೆ ನಡೆಸುತ್ತಿದ್ದ ಮೇಡಂ ಅವರದು, ಹನಿ ಬಿಡುವ ಕೈ ನನ್ನದು. ಇಪ್ಪತ್ತೆರಡು ವರ್ಷದಿಂದ ನಾನಲ್ಲಿ ಟೆಕ್ನೀಷಿಯನ್.

ಈ ಮಣಿಯ ಮೇಲೆ ನನಗೆ ಸ್ವಂತದ ಆಸೆಯೂ ಇತ್ತು. ಅಮ್ಮನಿಗೆ ಕೈ ನಡುಗುವ ಕಾಯಿಲೆ. ನಲವತ್ತು ವರ್ಷ ಬಟ್ಟೆ ಹೊಲಿದು ನಮ್ಮನ್ನು ಸಾಕಿದ ಕೈ ಅದು. ನಾಲ್ಕು ಗಂಟೆಗೊಂದು ಮಾತ್ರೆ. ನುಂಗಿದ ಮೇಲೆ ಎರಡು ಗಂಟೆ ಕೈ ಹೇಳಿದ ಮಾತು ಕೇಳುತ್ತದೆ, ಆಮೇಲೆ ಲೋಟದ ಚಹಾ ನೆಲದ ಪಾಲು. ಮಾತ್ರೆಯನ್ನು ನಮ್ಮ ಮಣಿಯಂಥದ್ದರಲ್ಲಿ ತುಂಬಿಟ್ಟರೆ ಇಡೀ ದಿನ ಒಂದೇ ಸಮ ಒಸರುತ್ತಾ ಇರುತ್ತದೆ ಎಂದು ನಾನೇ ಅವಳ ತಲೆಯಲ್ಲಿ ಹುಳ ಬಿಟ್ಟಿದ್ದೆ. ದಿನಾ ಸಂಜೆ ಕೇಳುತ್ತಿದ್ದಳು: "ನಿಮ್ಮ ಮಣಿ ಎಲ್ಲಿಗೆ ಬಂತೋ?"

ನಮ್ಮ ನಿರ್ದೇಶಕರಿಗೆ ನಾವಿಟ್ಟ ಹೆಸರು ಅರ್ಜೆಂಟ್ ಸಾಹೇಬರು. ಅವರ ಕಡತಗಳಲ್ಲಿ ಅರ್ಜೆಂಟ್ ಅಲ್ಲದ್ದು ಒಂದೂ ಇಲ್ಲ, ಮುಗಿದದ್ದೂ ಒಂದೂ ಇಲ್ಲ. ಯಾವ ಸಂಶೋಧನೆ ಮುಂದುವರಿಯಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸುವ ಸಮಿತಿ ನಾಳೆ ಬರುತ್ತದೆ ಎಂದಾಗ ಅವರು ಓಡಿಬಂದರು.

"ನಮ್ಮ ಕೋಣೆಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಅಷ್ಟರಲ್ಲಿ ನೀರು ನೀಲಿ ಆಗ್ಬೇಕು" ಎಂದರು. ಪರೀಕ್ಷೆಗೆ ನಾವು ಔಷಧದ ಬದಲು ನೀಲಿ ಬಣ್ಣ ಹಾಕುತ್ತಿದ್ದೆವು.

"ಸರ್, ಪೂರ್ತಿ ನೀಲಿ ಆಗೋಕೆ ಹನ್ನೆರಡು ಗಂಟೆ ಬೇಕು. ಅದೇ ನಮ್ಮ ಸಾಧನೆ" ಎಂದರು ಮೇಡಂ.

"ಹನ್ನೆರಡು ಗಂಟೆ ಕೂರೋಕೆ ಅವರೇನು ಕಾವಿಗೆ ಕೂತ ಕೋಳಿಗಳೇನಮ್ಮ?"

"ಬೇಗ ಬಿಡೋ ಹಾಗೆ ಮಾಡಿ ತೋರ್ಸಿದ್ರೆ ಅದು ಮೋಸ ಸರ್."

"ಮೋಸ ಅಲ್ಲ, ಡೆಮೋ" ಎಂದು ಸಾಹೇಬರು ನನ್ನ ಕಡೆ ತಿರುಗಿದರು. ನಾನು ಹೂಂ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಚೆನ್ನಾಗಿ ಕಲಿತ ಕೆಲಸ ಅದೊಂದೇ.

ಮರುದಿನ ಮಣಿಗಳನ್ನು ಒಂದೇ ನಿಮಿಷಕ್ಕೆ ಹೊರತೆಗೆದೆ. ಸಿಗಡಿ ಅಂಟು ಮುಟ್ಟಿಸಲಿಲ್ಲ. ಗೋಡೆ ಹಸಿಯಿರುವಾಗಲೇ ಮನೆ ಒಕ್ಕಲು ಮಾಡಿದ ಹಾಗೆ. ಮೇಡಂ ಹಟ ಹಿಡಿದು, ಅಸಲಿ ಮಣಿಗಳಿಗೂ ಒಂದು ಬೀಕರ್ ನೀರನ್ನು ಪಕ್ಕದಲ್ಲಿಟ್ಟರು. ಅವರು ಬಾಯಿ ತೆರೆದಾರು ಎಂದು ಸಾಹೇಬರು ಅವರನ್ನು ಊಟದ ವ್ಯವಸ್ಥೆ ನೋಡಲು ಅಟ್ಟಿದರು. ಹೀಗೆ ಸಾಹೇಬರನ್ನು ಬಿಟ್ಟರೆ ಸಂಗತಿ ಗೊತ್ತಿದ್ದವರಲ್ಲಿ ಮೇಜಿನ ಬಳಿ ಉಳಿದವನು ನಾನೊಬ್ಬನೇ.

ಸಮಿತಿಯ ಮೂವರು ಬಂದರು. ಎರಡು ಬೀಕರಿಗೂ ಮಣಿ ಸುರಿದೆ. ನನ್ನ ಹಸಿ ಮಣಿಗಳು ಹತ್ತೇ ನಿಮಿಷದಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದವು. ನೀರು ಕಡುನೀಲಿ. ಮೂವರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರ ಫೋನಿನ ಅಲಾರಂ ಕಿಣಿಕಿಣಿ ಎಂದಿತು. ಜೇಬಿನಿಂದ ಮಾತ್ರೆ ತೆಗೆದು ನುಂಗಿ, "ದಿನಕ್ಕೆ ನಾಲ್ಕು ಸಲ ಇದೇ ಗೋಳು" ಎನ್ನುತ್ತಾ ಪಕ್ಕದ ಬೀಕರಿಗೆ ಬಗ್ಗಿದರು. ಅದರ ನೀರು ತಿಳಿಯಾಗಿಯೇ ಇತ್ತು.

"ಇದೇನ್ರೀ, ಇದು ಕೆಲಸ ಮಾಡ್ಲಿಲ್ವಾ?" ಎಂದು ನನ್ನನ್ನೇ ಕೇಳಿದರು.

ಕೆಲಸ ಮಾಡುತ್ತಿರುವುದು ಅದೊಂದೇ ಎಂಬ ಮಾತು ಗಂಟಲಿನವರೆಗೆ ಬಂತು. ಸಾಹೇಬರು ನನ್ನನ್ನು ನೋಡಿದರು. ಮಾತು ಬಂದ ದಾರಿಯಲ್ಲೇ ಕೆಳಗಿಳಿಯಿತು.

"ಅದು ಹಳೇ ವಿಧಾನ ಸರ್, ಫೇಲಾಗಿದ್ದು" ಎಂದರು ಸಾಹೇಬರು.

"ಹಾಗಾದ್ರೆ ಅದನ್ನ ಮುಚ್ಚಿಬಿಡಿ. ಈ ಬೇಗ ಬಿಡೋದನ್ನ ಮುಂದುವರಿಸಿ. ಐದು ನಿಮಿಷಕ್ಕೆ ಇಳಿಸೋಕಾಗುತ್ತಾ ನೋಡಿ."

ಐದು ನಿಮಿಷದಲ್ಲಿ ಕರಗುವ ಮಾತ್ರೆಗೆ ಸಂಶೋಧನೆ ಬೇಕಿಲ್ಲ, ಬೀದಿ ಮೂಲೆಯ ಔಷಧದ ಅಂಗಡಿ ಸಾಕು. ಸಾಹೇಬರು ಮಾತ್ರ ತಲೆದೂಗುತ್ತಾ ಬರೆದುಕೊಂಡರು.

ಸಂಜೆ ಮನೆಗೆ ಹೋದಾಗ ಅಮ್ಮ ನನ್ನ ಕೆಲಸದ ಕೋಟಿಗೆ ಗುಂಡಿ ಹಾಕಲು ಕೂತಳು. ಕೈ ಮಾತು ಕೇಳುವ ಹೊತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕಣ್ಣೆತ್ತಲಿಲ್ಲ.

"ಆ ಹೆಣ್ಣುಮಗಳ ಮೂರು ವರ್ಷದ ದುಡಿಮೆ. ನೀನು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ಯಾ?"

"ಸಾಹೇಬರು ಇದ್ರಮ್ಮ."

"ನಿನ್ನ ಬಾಯಿಂದ ನಿಜ ಹೊರಗೆ ಬರೋಕೆ ಎಷ್ಟು ಗಂಟೆ ಬೇಕು ಅಂತ ಮೊದ್ಲು ಅಳೆದು ನೋಡು" ಎಂದಳು. ಅಷ್ಟರಲ್ಲಿ ಅವಳ ಬೆರಳು ನಡುಗತೊಡಗಿತು. ಗುಂಡಿಗೆ ಎರಡು ಹೊಲಿಗೆ ಬಿದ್ದಿತ್ತು. ಸೂಜಿಯನ್ನು ಹಾಗೇ ಚುಚ್ಚಿಟ್ಟು ಕೋಟನ್ನು ಪಕ್ಕಕ್ಕೆ ಸರಿಸಿದಳು. ನನಗೆ ನಾಚಿಕೆಯಾಯಿತು.

ಬೆಳಿಗ್ಗೆ ಸೂಜಿ ತೆಗೆದಿಟ್ಟು ಅದೇ ಕೋಟು ತೊಟ್ಟು ಹೋಗಿ ಪ್ರಯೋಗಾಲಯದ ಬಾಗಿಲು ತೆರೆದಾಗ ಫೇಲಾದ ಬೀಕರಿನ ನೀರು ಪಕ್ಕದ್ದರಷ್ಟೇ ನೀಲಿಯಾಗಿತ್ತು. ಯಾರೂ ನೋಡದಿದ್ದರೂ ಅದು ತನ್ನ ಕೆಲಸ ಮುಗಿಸಿತ್ತು. ಮೇಡಂ ತಮ್ಮ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಬೀಕರಿಗೆ ಮುಚ್ಚಳ ಕಟ್ಟಿ, ಯಾರ ಅಪ್ಪಣೆಯನ್ನೂ ಕೇಳದೆ, ಅಧ್ಯಕ್ಷರ ಕಚೇರಿಗೆ ಹೋದೆ.

"ಇದು ನಿನ್ನೆ ಫೇಲಾಗಿದ್ದು ಸರ್" ಎಂದು ಮೇಜಿನ ಮೇಲಿಟ್ಟು ಒಂದೂ ಬಿಡದೆ ಹೇಳಿದೆ. ಹೇಳುವಾಗಲೇ ಅವರ ಫೋನು ಕಿಣಿಕಿಣಿ ಎಂದಿತು. ಅವರು ಮಾತ್ರೆ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಅಂದ್ರೆ ಇದನ್ನ ದಿನಕ್ಕೆ ಒಂದೆರಡು ಸಲ ತಗೊಂಡ್ರೆ ಸಾಕು ಅನ್ನೋ ಹಾಗೆ ಮಾಡೋದಾ ನಿಮ್ಮ ಕೆಲಸ?"

"ಆಗಿತ್ತು ಸರ್."

ಅವರು ಬೀಕರನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಾತ್ರೆ ನುಂಗಿದರು. "ವರದಿಗೆ ನಿನ್ನೆ ಸಂಜೆನೇ ಸಹಿ ಹಾಕಿ ಕಳಿಸ್ಬಿಟ್ಟೆ. ಮತ್ತೆ ತೆರೆಸೋಕೆ ಮುಂದಿನ ಸಮಿತಿನೇ ಬರ್ಬೇಕು, ಮೂರು ವರ್ಷ. ನಾನು ನಿಮ್ಮನ್ನೇ ಕೇಳಿದ್ನಲ್ರೀ. ಆಗ್ಲೇ ಯಾಕೆ ಹೇಳ್ಲಿಲ್ಲ?"

ನಾನು ಬೀಕರನ್ನು ಎತ್ತಿಕೊಂಡು ಹೊರಬಂದೆ.

ಮನೆಯಲ್ಲಿ ಅಮ್ಮ ಆಗಷ್ಟೇ ಮಾತ್ರೆ ನುಂಗಿ ಬಾಗಿಲಲ್ಲೇ ಕೂತಿದ್ದಳು. ನನ್ನ ಮುಖ ನೋಡಿ ಸೂಜಿ ದಾರ ಎತ್ತಿಕೊಂಡಳು.

"ಕೋಟು ಬಿಚ್ಚಿ ಕೊಡು. ಇನ್ನೆರಡು ಗಂಟೆ ಕೈ ನಂದು" ಎಂದಳು.