ಷಡಕ್ಷರಿ ಎಸೆದ ಮೊಳೆ

ನಲವತ್ತನಾಲ್ಕನೇ ಇಸವಿಯಲ್ಲಿ ಕಟ್ಟಾಯದಿಂದ ಹಾಸನಕ್ಕೆ ದಿನವೂ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದವರು ಇಬ್ಬರೇ. ಒಬ್ಬರು ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸರ್ ಚಂದ್ರಶೇಖರಯ್ಯ. ಇನ್ನೊಬ್ಬ ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ಷಡಕ್ಷರಿ. ಚಂದ್ರಶೇಖರಯ್ಯನವರಿಗೆ ಐವತ್ತರ ಹತ್ತಿರ, ಬಲು ನಿಧಾನ. ಷಡಕ್ಷರಿಗೆ ಇಪ್ಪತ್ತಾರು, ನಿಂತಲ್ಲಿ ನಿಲ್ಲುವ ಜೀವವಲ್ಲ. ಊಟಕ್ಕೆ ಕೂತಾಗಲೂ ಅವನ ಒಂದು ಕಾಲು ಬಾಗಿಲ ಕಡೆಗೇ ಚಾಚಿರುತ್ತಿತ್ತು.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಸ್ಕೂಲಿನ ಜಗಲಿಯಲ್ಲಿ ತೂಗುಹಾಕಿದ ರೈಲು ಕಂಬಿಯ ತುಂಡಿಗೆ ಹತ್ತು ಗಂಟೆಗೆ ಸರಿಯಾಗಿ ಅವನು ಬಾರಿಸದಿದ್ದರೆ ಮಕ್ಕಳೆಲ್ಲ ಅಂಗಳದಲ್ಲೇ ಉಳಿಯುತ್ತಿದ್ದರು. ಆದರೆ ದಾರಿ ಅವನ ಮಾತು ಕೇಳಬೇಕಲ್ಲ. ಮಳೆಗಾಲದಲ್ಲಿ ಚಕ್ರಕ್ಕೆ ಕೆಸರು ಮೆತ್ತಿಕೊಂಡು ಸೈಕಲ್ಲನ್ನೇ ಹೆಗಲ ಮೇಲೆ ಹೊರಬೇಕು. ಬೇಸಿಗೆಯಲ್ಲಿ ಗಾಡಿ ಜಾಡಿನ ಧೂಳಿನಲ್ಲಿ ಚಕ್ರ ಹೂತುಹೋಗುತ್ತದೆ. ಏರಿನಲ್ಲಿ ಎದುರುಗಾಳಿ, ಇಳಿಜಾರು ಸಿಕ್ಕಿತು ಅನ್ನುವಾಗ ಎದುರಿಗೆ ದನಗಳ ಹಿಂಡು. ಚೈನು ಕಳಚಿದರೆ ಕೈಯೆಲ್ಲ ಮಸಿ, ಆ ಕೈಯನ್ನು ಪಂಚೆಗೆ ಒರೆಸಿದರೆ ಸಂಜೆ ಹೆಂಡತಿ ನೀಲಾಂಬಿಕೆಯ ಕೈಲಿ ಮಂಗಳಾರತಿ. ಅದೂ ಅಲ್ಲದೆ ಯುದ್ಧದ ಕಾಲ. ಹೊಸ ಟೈರು ಕಣ್ಣಿಗೂ ಬೀಳುತ್ತಿರಲಿಲ್ಲ. ಹರಿದ ಟೈರಿನ ಒಳಗೆ ಇನ್ನೊಂದು ಹರಿದ ಟೈರಿನ ತುಂಡು ಇಟ್ಟು ಹೇಗೋ ಓಡಿಸುತ್ತಿದ್ದ.

ಇವೆಲ್ಲಕ್ಕಿಂತ ದೊಡ್ಡ ಕಾಟ ಲಾಳದ ಮೊಳೆಯದು. ಊರು ದಾಟಿದ ಕೂಡಲೇ ಒಂದು ಹುಣಸೇಮರ ಸಿಗುತ್ತದೆ. ಅದರ ಕೆಳಗೆ ಬೋರಪ್ಪ ಎತ್ತುಗಳನ್ನು ಕೆಡವಿ, ಕಾಲು ಬಿಗಿದು, ಗೊರಸಿಗೆ ಲಾಳ ಕಟ್ಟುತ್ತಿದ್ದ. ಸವೆದ ಲಾಳ ಕಿತ್ತಾಗ ಹಳೇ ಮೊಳೆಗಳು ಅಲ್ಲೇ ಉದುರುತ್ತಿದ್ದವು. ವಾರಕ್ಕೆ ಎರಡು ಸಲವಾದರೂ ಒಂದು ಮೊಳೆ ಷಡಕ್ಷರಿಯ ಚಕ್ರ ಹುಡುಕಿಕೊಂಡು ಬರುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆಯೂ ಹಾಗೇ ಆಯಿತು. ಹುಣಸೇಮರ ದಾಟುವ ಮೊದಲೇ ಹಿಂದಿನ ಚಕ್ರ ಬುಸ್ಸೆಂದಿತು. ಷಡಕ್ಷರಿ ಇಳಿದು, ಚೀಲದಿಂದ ಇಕ್ಕಳ ತೆಗೆದು, ಮೊಳೆಯನ್ನು ತಿರುಚಿ ತಿರುಚಿ ಎಳೆದ. ಎಳೆದ ರಭಸಕ್ಕೆ ಅದರ ತಲೆ ಸೊಟ್ಟಗಾಯಿತು. ಅಷ್ಟು ಹೊತ್ತಿಗೆ ಚಂದ್ರಶೇಖರಯ್ಯನವರೂ ಬಂದು ಇಳಿದರು.

“ಏನಪ್ಪಾ, ಇವತ್ತೂನಾ?”

“ಇನ್ನೇನಣ್ಣಯ್ಯ. ಈ ಬೋರಪ್ಪ ನನ್ ಚಕ್ರಕ್ಕೂ ಲಾಳ ಕಟ್ಬುಟ್ಟವ್ನೆ.”

“ನನ್ಯಾಕ್ ಬೈತೀಯಪ್ಪ,” ಎಂದ ಬೋರಪ್ಪ, ಎತ್ತಿನ ಕಾಲಿನಿಂದ ತಲೆ ಎತ್ತದೆ. “ನೀನು ಸುತ್ತಾಕ್ಕಂಡ್ ಓಗು ಅಂತ ಎಷ್ಟ್ ಸಲ ಅಂದಿವ್ನಿ.”

ಚಂದ್ರಶೇಖರಯ್ಯ ಜೇಬಿನಿಂದ ಒಂದು ಹಳೇ ನಶ್ಯದ ಡಬ್ಬಿ ತೆಗೆದರು. ದಾರಿಯಲ್ಲಿ ಸಿಕ್ಕ ಮೊಳೆಗಳನ್ನು ಅದರಲ್ಲಿ ಹಾಕಿಕೊಳ್ಳುವುದು ಅವರ ಅಭ್ಯಾಸ. “ಅದನ್ನ ಎಸೀಬ್ಯಾಡ ಕಣೋ, ಇಲ್ಲಿ ಕೊಡು,” ಎಂದು ಕೈ ಚಾಚಿದರು.

ಷಡಕ್ಷರಿ ಆಗಲೇ ಎಸೆದಾಗಿತ್ತು. ಮೊಳೆ ಬಾವಿ ಕಡೆಯ ಕಾಲುದಾರಿಗೆ ಹೋಗಿ ಬಿತ್ತು.

“ಓಗ್ಲಿ ಬುಡಿ. ಮೊಳೆ ಆಯ್ತಾ ಕೂತ್ರೆ ಗಂಟೆ ಒಡಿಯೋರ್ಯಾರು?”

“ಯಾರ್ ಕಾಲ್ಗಾದ್ರೂ ಚುಚ್ಕಂಡಾತು.”

“ಚುಚ್ಚಿದ್ರೆ ಕಿತ್ತಾಕ್ತಾರೆ,” ಎಂದು ಷಡಕ್ಷರಿ ಟ್ಯೂಬಿಗೆ ತೇಪೆ ಹಾಕಲು ಕೂತ.

ಅಂದು ಗಂಟೆ ಹೊಡೆದಾಗ ಹತ್ತೂಕಾಲು. ಹೆಡ್‌ಮಾಸ್ತರು ಅವನನ್ನು ಕೋಣೆಗೆ ಕರೆಸಿದರು. ಕೂಗಾಡಲಿಲ್ಲ. “ಷಡಕ್ಷರಿ, ಇನ್ನೊಂದು ದಿನ ತಡವಾದರೆ ಈ ಕೆಲಸಕ್ಕೆ ಬೇರೆಯವರನ್ನು ನೋಡ್ಕೋತೀನಿ,” ಎಂದರು, ಅಷ್ಟೆ. ಷಡಕ್ಷರಿ ಆ ದಿನವಿಡೀ ಕೂರಲಿಲ್ಲ. ಮನೆಯಲ್ಲಿ ಅವ್ವ, ಹೆಂಡತಿ, ಇರುವುದು ಚೂರು ಹೊಲ. ಈ ಗಂಟೆ ಕೈ ತಪ್ಪಿದರೆ ಗತಿಯೇನು ಎಂದು ಜಗಲಿಯಲ್ಲೇ ಆ ಕಡೆ ಈ ಕಡೆ ನಡೆದ.

ಸಂಜೆ ಮನೆಗೆ ಬಂದರೆ ನೀಲಾಂಬಿಕೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದ ತುಂಬ ಸಗಣಿ ಮೆತ್ತಿತ್ತು. ಪಕ್ಕದಲ್ಲಿ ಅವ್ವ ರೇವಮ್ಮ ಬೋರಪ್ಪನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

“ಅವನ ಕೈ ಸೇದೋಗ. ನೀರ್ ತರಾಕೆ ಬಾವಿಗೋಗಿದ್ಲು, ಕಾಲುದಾರೀಲಿ ಮೊಳೆ ತುಳ್ದವ್ಳೆ. ಅರ್ಧ ಬೆರಳುದ್ದ ಇಳ್ದಿತ್ತು ಕಣಪ್ಪ. ನಾನೇ ಕಿತ್ತು, ಗೇರೆಣ್ಣೆ ಕಾಸಿ ಬುಟ್ಟು, ಮ್ಯಾಲೆ ಸಗಣಿ ಮೆತ್ತಿವ್ನಿ. ನಾಳೀಕ್ ಆರೋಯ್ತದೆ.”

ಕಿತ್ತ ಮೊಳೆ ಗೋಡೆಯ ಗೂಡಿನಲ್ಲಿತ್ತು. ಷಡಕ್ಷರಿ ನೋಡಿದ. ಅದರ ತಲೆ ಸೊಟ್ಟಗಿತ್ತು.

ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. “ಕೂತ್ಕಬಾರ್ದಾ?” ಎಂದು ನೀಲಾಂಬಿಕೆ ಕೇಳಿದಳು. ಅವನು ಕೂರದೆ ಬೀದಿಯ ಕೊನೆಯ ಮನೆಗೆ ಓಡಿ ಚಂದ್ರಶೇಖರಯ್ಯನವರನ್ನು ಕರೆತಂದ.

ಚಂದ್ರಶೇಖರಯ್ಯ ಮೊದಲು ಕುದಿಸಿದ ನೀರು ಕೇಳಿದರು. ಅದು ಉಗುರುಬೆಚ್ಚಗಾದ ಮೇಲೆ ತಮ್ಮ ಕೈ ಸೋಪು ಹಚ್ಚಿ ತೊಳೆದುಕೊಂಡು, ಸಗಣಿಯನ್ನೆಲ್ಲ ತೆಗೆದು, ಗಾಯವನ್ನು ಸೋಪು ನೀರಿನಲ್ಲಿ ಬಹಳ ಹೊತ್ತು ತೊಳೆದರು. ರೇವಮ್ಮನಿಗೆ ಸಿಟ್ಟು ಬಂತು.

“ಅಲ್ಲಪ್ಪ, ಮೆತ್ತಿದ್ನೆಲ್ಲ ತೆಗ್ದುಬುಟ್ರೆ ವಾಸಿಯಾಗಾದೆಂಗೆ? ನಾನು ಎಷ್ಟ್ ಜನುಕ್ಕೆ ಇಂಗೇ ಮಾಡಿಲ್ಲ? ಯಾರ್ಗೇನಾಗೈತೆ?”

“ಏನೂ ಆಗ್ದಿರೋರು ನಿಮ್ ಕಣ್ಮುಂದೆ ಓಡಾಡ್ತವ್ರೆ ರೇವಮ್ಮಾರೆ. ಆದೋರು ಬಂದು ಸಾಕ್ಷಿ ನುಡಿಯಾಕಾಯ್ತದಾ?” ಎಂದರು ಚಂದ್ರಶೇಖರಯ್ಯ. ಒಣಗಿದ ಚೊಕ್ಕಟ ಬಟ್ಟೆಯನ್ನು ಕಟ್ಟುತ್ತಾ ಮಾತು ಮುಂದುವರಿಸಿದರು. “ಧನುರ್ವಾಯು ಅಂತಾರಲ್ಲ, ಅದರ ಕ್ರಿಮಿ ಇರೋದೇ ಸಗಣಿ, ಗೊಬ್ಬರ, ದಾರಿ ಮಣ್ಣಲ್ಲಿ. ಎತ್ತಿನ ಕಾಲಡೀಲಿದ್ದ ಮೊಳೆ ಇದು. ಆಳಕ್ಕೆ ಇಳ್ದೈತೆ. ಅದರ ಮ್ಯಾಲೆ ನಾವೇ ಇನ್ನಷ್ಟು ಸಗಣಿ ಮೆತ್ತೋದು.”

“ನೋವೇ ಇಲ್ಲ ಕಣಣ್ಣ,” ಎಂದಳು ನೀಲಾಂಬಿಕೆ.

“ನಮ್ಮಕ್ಕನೂ ಅಂಗೇ ಅಂದಿದ್ಲು ತಾಯಿ.” ಚಂದ್ರಶೇಖರಯ್ಯ ಪಟ್ಟಿಯ ಗಂಟು ಬಿಗಿದರು. “ನೀಲಗಂಗಮ್ಮ ಅಂತ. ಅರಕಲಗೂಡಿಗೆ ಕೊಟ್ಟಿದ್ರು. ಕೊಟ್ಟಿಗೇಲಿ ಮುರುಕಲು ಕಬ್ಬಿಣ ತುಳಿದ್ಲು. ಗಾಯ ಒಣಗಿ ಮುಚ್ಕಂಡೂ ಓಗಿತ್ತು. ಎಂಟನೇ ದಿನ ದವಡೆ ಇಡ್ಕಳ್ತು. ಬಾಯಿ ಬುಡಾಕಾಗ್ನಿಲ್ಲ, ಒಂದ್ ತೊಟ್ಟು ನೀರು ಇಳೀನಿಲ್ಲ. ಮೈ ಬಿಲ್ಲಿನಂಗೆ ಬಗ್ಗೋಯ್ತು. ಗಾಡಿ ಕಟ್ಕಂಡು ಹಾಸನಕ್ಕೆ ಬಂದ್ರು. ಆಗ ನಾನು ಅದೇ ಆಸ್ಪತ್ರೇಲಿ ಕೆಲಸಕ್ಕಿದ್ದೆ. ನನ್ ಕೈಲೇನೂ ಆಗ್ನಿಲ್ಲ. ಮೊದಲ್ನೇ ದಿನವೇ ಬಂದು ಸೂಜಿ ಚುಚ್ಚಿಸ್ಕಂಡಿದ್ರೆ ಬದುಕ್ತಿದ್ಲೇನೋ.”

ರೇವಮ್ಮ ಸಿಟ್ಟು ಬಿಟ್ಟು ಹೇಳಿದಳು.

“ಅಂಗಾರೆ ಶುಕ್ರವಾರ ಸಂತೆ ಗಾಡೀಲಿ ಕಳಿಸ್ತೀನಿ.”

“ಶುಕ್ರವಾರದ ತಂಕ ಕಾಯೋದಲ್ಲ ಇದು. ನಾಳೆ ಬೆಳಿಗ್ಗೇನೇ. ಸೈಕಲ್ ಮ್ಯಾಲೆ ಕೂರಿಸ್ಕಂಡು ಓಗ್ಲಿ.”

“ಸೈಕಲ್ ಮ್ಯಾಲಾ? ಮನೆ ಸೊಸೆ ಗಂಡನ ಬೆನ್ನಿಂದೆ ಕೂತ್ಕಂಡು ಊರ್ ಬಾಗ್ಲಲ್ಲಿ ಓಗೋದಾ? ನಾಳೀಕೆ ನಾನು ತಲೆ ಎತ್ತಬೇಕೋ ಬ್ಯಾಡ್ವೋ? ಮಾಡಿದ್ದು ಆ ಬೋರಪ್ಪ. ಅವನೇ ಗಾಡಿ ಕಟ್ಲಿ, ನಾನೀಗ್ಲೇ ಓಗಿ ಕೇಳ್ತೀನಿ.”

ರೇವಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟು ಹೊತ್ತು ಗೋಡೆಗೆ ಒರಗಿ ಕಾಲು ಕುಣಿಸುತ್ತಿದ್ದ ಷಡಕ್ಷರಿಯ ಕಾಲು ಆಗ ನಿಂತಿತು.

“ಬೋರಪ್ಪನ್ನ ಬೈಬ್ಯಾಡ ಕಣವ್ವ. ಆ ಮೊಳೆ ಅಲ್ಲಿಗೆ ಎಸ್ದೋನು ನಾನು.”

ರೇವಮ್ಮ ಅಲ್ಲೇ ನಿಂತಳು. ನೀಲಾಂಬಿಕೆ ಗಂಡನ ಮುಖವನ್ನೇ ನೋಡಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ.

“ಎಸೆಯೋವಾಗ ನಾವ್ಯಾರೂ ಕಾಣ್ನಿಲ್ವಾ?” ಎಂದಳು.

“ಒತ್ತಾಗಿತ್ತು,” ಎಂದ ಷಡಕ್ಷರಿ. ಆ ಮಾತು ಅವನಿಗೇ ನಾಚಿಕೆ ತಂದಿತು. ಅಲ್ಲಿದ್ದವರಿಗೆಲ್ಲ ಅದು ಕಾಣುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಕಂಬಳಿಯನ್ನು ಮಡಿಸಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಾಕಿದವಳು ರೇವಮ್ಮನೇ. “ಸೆರಗು ಬಿಗಿಯಾಗಿ ಸಿಕ್ಕಿಸ್ಕೋ, ಚಕ್ರಕ್ಕೆ ಸಿಕ್ಕಾತು. ನೋಡೋರು ನೋಡ್ಕಳ್ಲಿ,” ಎಂದು ಸೊಸೆಯನ್ನು ತಾನೇ ಹಿಡಿದು ಕೂರಿಸಿದಳು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಜವಾಗಿಯೂ ನೋಡಿದರು.

ಹುಣಸೇಮರದ ಹತ್ತಿರ ಮಣ್ಣಿನಲ್ಲಿ ಏನೋ ಮಿಂಚಿತು. ಷಡಕ್ಷರಿ ಸೈಕಲ್ ನಿಲ್ಲಿಸಿ, ಇಳಿದು, ಬಗ್ಗಿ ಒಂದು ಮೊಳೆ ಹೆಕ್ಕಿದ. ಪಕ್ಕದಲ್ಲಿ ಇನ್ನೆರಡು ಇದ್ದವು, ಅವನ್ನೂ ಹೆಕ್ಕಿದ. ಬೋರಪ್ಪ ಸುತ್ತಿಗೆ ಕೆಳಗಿಟ್ಟು, ನೀಲಾಂಬಿಕೆಯ ಕಾಲಿನ ಪಟ್ಟಿ ನೋಡಿದ. ವಿಷಯ ಕೇಳಿದ ಮೇಲೆ ಅವನೂ ಎದ್ದು ಬಂದು ಮರದ ಬುಡದಲ್ಲಿ ಹುಡುಕತೊಡಗಿದ.

ಅಲ್ಲಿಂದ ಮುಂದೆ ದಾರಿ ಸಾಗಲೇ ಇಲ್ಲ. ಇಬ್ಬರ ಭಾರಕ್ಕೆ ಹಳೇ ಟೈರು ನೆಲಕ್ಕೆ ಅಂಟುತ್ತಿತ್ತು. ಏರು ಬಂದಲ್ಲೆಲ್ಲ ಷಡಕ್ಷರಿ ಇಳಿದು ತಳ್ಳಿದ. ಬಿಸಿಲು ಏರುವುದನ್ನು ನೋಡಿ ನೋಡಿ ಬೆವರಿದ. ಜೊತೆಗೇ ಬರುತ್ತಿದ್ದ ಚಂದ್ರಶೇಖರಯ್ಯನವರಿಗೆ ಅವನ ಸಂಕಟ ಅರ್ಥವಾಯಿತು.

“ನೀನು ನನ್ ಸೈಕಲ್ ತಗಂಡು ಮುಂದೆ ಓಗಿ ಗಂಟೆ ಒಡಿ. ಈಕೇನ ನಾನು ತಳ್ಕಂಡ್ ಬತ್ತೀನಿ.”

ಷಡಕ್ಷರಿ ರಸ್ತೆಯ ಕಡೆ ನೋಡಿದ. ಮನಸ್ಸು ಆಗಲೇ ಸ್ಕೂಲಿನ ಜಗಲಿ ತಲುಪಿತ್ತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಹ್ಯಾಂಡಲ್ ಬಿಡಲಿಲ್ಲ.

“ಬ್ಯಾಡಣ್ಣಯ್ಯ. ನಿನ್ನೆ ಒತ್ತಾಯ್ತು ಅಂತಲೇ ಇಷ್ಟೆಲ್ಲ ಆಗಿದ್ದು,” ಎಂದು ಮತ್ತೆ ತಳ್ಳಿದ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ, “ಬೇಗ ಬಂದಿರಿ, ಒಳ್ಳೇದು,” ಎಂದರು. ಮೈಗೆ ಒಗ್ಗುತ್ತದೋ ಇಲ್ಲವೋ ನೋಡಲು ಮೊದಲು ಒಂದಿಷ್ಟೇ ಮದ್ದು ಚುಚ್ಚಿ ಅರ್ಧ ಗಂಟೆ ಕಾಯಿಸಿದರು. ನೀಲಾಂಬಿಕೆ ಬೆಂಚಿನ ಮೇಲೆ ಕೂತಳು. ಷಡಕ್ಷರಿ ಬಾಗಿಲಿಗೂ ಬೆಂಚಿಗೂ ನಡೆಯುತ್ತಿದ್ದ. ಆಗ ದೂರದಿಂದ ಢಣ್ ಢಣ್ ಎಂದು ಕೇಳಿಸಿತು. ಬಾರಿಸಿದ ರೀತಿ ಸರಿಯಿರಲಿಲ್ಲ, ಒಂದು ಜೋರು, ಒಂದು ಮೆತ್ತಗೆ. ಆದರೂ ಹತ್ತು ಗಂಟೆಗೆ ಸರಿಯಾಗಿ ಹೊಡೆದಿತ್ತು.

“ನೀವು ದಿನಾ ಒಡಿಯೋ ಗಂಟೆ ಇದೇನಾ?” ಎಂದು ನೀಲಾಂಬಿಕೆ ಕೇಳಿದಳು.

“ಇದೇ,” ಎಂದ ಷಡಕ್ಷರಿ. ಕೆಲಸ ಹೋಯಿತು ಎಂದುಕೊಂಡ. ಅಂದುಕೊಂಡ ಮೇಲೆ, ಯಾಕೋ, ಬಂದು ಅವಳ ಪಕ್ಕ ಕೂತ.

ಪೂರ್ತಿ ಮದ್ದು ಚುಚ್ಚಿಸಿ, ಅವಳನ್ನು ಆಸ್ಪತ್ರೆಯ ಜಗಲಿಯಲ್ಲಿ ಚಂದ್ರಶೇಖರಯ್ಯನವರ ಕಣ್ಣಳತೆಯಲ್ಲಿ ಕೂರಿಸಿ, ಅವನು ಸ್ಕೂಲಿಗೆ ಹೋದ. ಹೆಡ್‌ಮಾಸ್ತರ ಮೇಜಿನ ಮೇಲೆ, ಮನೆಯಿಂದ ಜೇಬಿನಲ್ಲಿ ತಂದಿದ್ದ ಆ ಸೊಟ್ಟ ಮೊಳೆ ಇಟ್ಟು, ನಡೆದದ್ದನ್ನೆಲ್ಲ ಒಂದೂ ಮುಚ್ಚದೆ ಹೇಳಿದ. ಹೆಡ್‌ಮಾಸ್ತರು ಮೊಳೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಅವನಿಗೇ ವಾಪಸು ಕೊಟ್ಟರು.

“ಗಂಟೆ ನಾನೇ ಹೊಡೆದೆ,” ಎಂದರು. “ರಟ್ಟೆ ಹಿಡ್ಕೊಂಡಿದೆ. ನಾಳೆ ನೀನೇ ಬಾ.” ಮೇಜಿನ ಕೆಳಗೆ ತಡಕಿ, ಶಾಯಿ ಕಲಸುವ ಮಸಿಪುಡಿ ಖಾಲಿಯಾದ ಒಂದು ತಗಡಿನ ಡಬ್ಬಿ ತೆಗೆದು ಕೊಟ್ಟರು. “ಮೊಳೆ ಸಿಕ್ಕರೆ ಇದರೊಳಗೆ ಹಾಕು. ನಮ್ಮ ಮಕ್ಕಳೂ ಬರಿಗಾಲಲ್ಲೇ ಬರೋದು.”

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮದ್ದು ಬಿದ್ದರೂ ಷಡಕ್ಷರಿಗೆ ನೆಮ್ಮದಿ ಇರಲಿಲ್ಲ. ದಿನವೂ ಬೆಳಿಗ್ಗೆ ಸೈಕಲ್ ಹತ್ತುವ ಮೊದಲು ಹೆಂಡತಿಯ ಎದುರು ನಿಲ್ಲುತ್ತಿದ್ದ. “ಬಾಯಿ ತೆಗಿ, ನೋಡಾನ.” ಅವಳು ತೆಗೆಯುತ್ತಿದ್ದಳು. ಎಂಟನೇ ದಿನ ಮೂರು ಸಲ ತೆಗೆಸಿದ. ಹದಿನೈದನೇ ದಿನ ಅವಳಿಗೆ ರೇಗಿತು. “ನನ್ ಬಾಯಿಂದ ಇನ್ ಬೈಗುಳ ಬರ್ತವೆ, ಓಗಿ ಗಂಟೆ ಒಡೀರಿ.” ಮೂರು ವಾರ ಕಳೆದ ಮೇಲೆ, ಬೈಗುಳ ಧಾರಾಳವಾಗಿ ಬರುತ್ತಿದೆ ಎಂದು ಖಾತ್ರಿಯಾಗಿ, ಅವನು ಕೇಳುವುದನ್ನು ಬಿಟ್ಟ.

ಈಗ ಹುಣಸೇಮರದ ಕೊಂಬೆಗೆ ಬೋರಪ್ಪನ ತೆಂಗಿನ ಚಿಪ್ಪು ತೂಗಾಡುತ್ತದೆ, ಕಿತ್ತ ಮೊಳೆಗಳು ಅದರೊಳಗೆ ಬೀಳುತ್ತವೆ. ಷಡಕ್ಷರಿಯ ಸೈಕಲ್ಲಿಗೆ ಬೆಲ್ಲಿನ ಅಗತ್ಯವಿಲ್ಲ, ಮಸಿಪುಡಿಯ ಡಬ್ಬಿ ಗಲಗಲ ಅನ್ನುತ್ತದೆ. ಯಾರಿಗಾದರೂ ಗಾಯವಾದರೆ ರೇವಮ್ಮ ಸಗಣಿ ಹುಡುಕುವುದಿಲ್ಲ. ಸೋಪು ಹಿಡಿದು ಬರುತ್ತಾಳೆ, ತೊಳೆಯುವ ಮೊದಲೇ ಆಸ್ಪತ್ರೆಯ ಮಾತು ಎತ್ತುತ್ತಾಳೆ. ಸೊಟ್ಟ ಮೊಳೆಯನ್ನು ಮಾತ್ರ ಅವಳು ಡಬ್ಬಿಗೆ ಹಾಕಲು ಬಿಡಲಿಲ್ಲ. ಅದು ಮತ್ತೆ ಗೋಡೆಯ ಗೂಡು ಸೇರಿ ಅಲ್ಲೇ ಇದೆ.

ಈ ಕಥೆ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಹೊತ್ತಾಯಿತು ಎಂದು ಓಡುವವರೇ. ದಾರಿಯಲ್ಲಿ ಮೊಳೆ, ಮುಳ್ಳು, ಗಾಜಿನ ಚೂರು ಕಂಡರೆ ಹೆಕ್ಕಿ ಒಂದು ಕಡೆ ಹಾಕಿ, ಪಕ್ಕದ ದಾರಿಗೆ ಎಸೆಯಬೇಡಿ. ಕಾಲಿಗೆ ಚುಚ್ಚಿಕೊಂಡರೆ ಸಗಣಿ, ಮಣ್ಣು, ಬೂದಿ ಯಾವುದೂ ಬೇಡ. ಕುದಿಸಿ ಆರಿಸಿದ ನೀರು, ಸೋಪು ಹಾಕಿ ಚೆನ್ನಾಗಿ ತೊಳೆದು, ಚೊಕ್ಕಟ ಬಟ್ಟೆ ಕಟ್ಟಿ, ನೋವಿಲ್ಲದಿದ್ದರೂ ಅಂದೇ, ತಪ್ಪಿದರೆ ಮಾರನೇ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಳ್ಳಿ. ಸಂತೆಯ ದಿನಕ್ಕೆ ಕಾಯಬೇಡಿ. ನೀಲಗಂಗಮ್ಮನ ಮನೆಯವರು ಕಾದರು.

ತಡವಾದರೆ ಆಗಲಿ, ಸೈಕಲ್ಲಿನಿಂದ ಇಳಿಯಿರಿ. ಗಂಟೆಯನ್ನು ಬೇರೆ ಯಾರಾದರೂ ಹೊಡೆಯುತ್ತಾರೆ.